ಹತ್ತು ಮುಖಗಳ ಯುವಕ, ವೀರನಹೊಸಹಳ್ಳಿಯ ಹಾದಿಯಲ್ಲಿ

ಶ್ರಾವಣದಲ್ಲಿ ಹುಣಸೂರು ಸೀಮೆಗೆ ಕಾಲಿಟ್ಟರೆ ಕಣ್ಣಿಗಿಂತ ಮೊದಲು ಮೂಗಿಗೆ ಊರು ಗೊತ್ತಾಗುತ್ತದೆ. ಬೇಯುತ್ತಿರುವ ಹೊಗೆಸೊಪ್ಪಿನ ಘಾಟು, ಅದರೊಳಗೆ ತುಸು ಸಿಹಿ, ಮೇಲೆ ಒದ್ದೆ ಸೌದೆಯ ಹೊಗೆ. ರಸ್ತೆಯ ಎರಡೂ ಮಗ್ಗುಲಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳು ಎತ್ತರಕ್ಕೆ ನಿಂತಿವೆ. ಬುಡದ ಒಲೆಯಲ್ಲಿ ಹಗಲೂ ರಾತ್ರಿ ಬೆಂಕಿ. ಒಳಗಿನ ಕಾವು ಹೆಚ್ಚಾದರೂ ಕಡಿಮೆಯಾದರೂ ಎಲೆಯ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಹರಾಜು ಕಟ್ಟೆಯಲ್ಲಿ ಬೆಲೆ ಇಳಿಯುತ್ತದೆ. ಹಾಗಾಗಿ ಮನೆಯ ಒಬ್ಬರಾದರೂ ಆ ಬೆಂಕಿಯ ಮುಂದೆ ನಿದ್ದೆಗೆಟ್ಟು ಕೂತಿರಲೇಬೇಕು. ಚಪ್ಪರದ ಕೆಳಗೆ ಹೆಂಗಸರು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿರುತ್ತಾರೆ. ಬೆರಳಿಗೆ ಹತ್ತಿದ ಅಂಟು ಸಂಜೆಗೆ ಕಪ್ಪಾಗಿ, ಎಷ್ಟು ಉಜ್ಜಿದರೂ ಬಿಡುವುದಿಲ್ಲ.

ಗುರುಪುರದ ಹತ್ತಿರ ಟಿಬೆಟನ್ನರ ಬಿಡಾರ ಬರುತ್ತದೆ. ಕೆಂಪು ನಿಲುವಂಗಿಯ ಭಿಕ್ಷುಗಳು, ಮಳೆಗೆ ತೊಯ್ದು ಬಣ್ಣ ಕಳೆದುಕೊಂಡ ಪ್ರಾರ್ಥನೆಯ ಪತಾಕೆಗಳು, ಅದರ ಪಕ್ಕದಲ್ಲೇ ಮುಸುಕಿನ ಜೋಳದ ಹೊಲ. ಮುಂದೆ ಹೋದಂತೆ ತೆಂಗು ವಿರಳವಾಗಿ, ಹೊಲಗಳ ನಡುವೆ ಆನೆ ಕಾಯುವ ಅಟ್ಟಣೆಗಳು ಕಾಣಿಸಿಕೊಳ್ಳುತ್ತವೆ. ಆಮೇಲೆ ವೀರನಹೊಸಹಳ್ಳಿ. ಊರು ದಾಟುತ್ತಿದ್ದಂತೆ ಅರಣ್ಯ ಇಲಾಖೆಯ ಗೇಟು, ಗೇಟಿನಾಚೆ ನಾಗರಹೊಳೆ.

ಬೆಳಿಗ್ಗೆ ಆರಕ್ಕೆ ಗೇಟು ತೆರೆಯುತ್ತದೆ, ಸಂಜೆ ಆರಕ್ಕೆ ಮುಚ್ಚುತ್ತದೆ. ಒಳಹೋಗುವ ವಾಹನಕ್ಕೆ ಹೊತ್ತು ಬರೆದ ಚೀಟಿ ಕೊಡುತ್ತಾರೆ. ನಡುವೆ ಎಲ್ಲೂ ನಿಲ್ಲುವಂತಿಲ್ಲ. ಕಾಡಿನಂಚಿನಲ್ಲಿ ಆನೆ ಕಂದಕ, ಕಂದಕ ಸಾಲದೆಂದು ಹಳೆಯ ರೈಲು ಹಳಿಗಳನ್ನು ನೆಟ್ಟು ಕಟ್ಟಿದ ಬೇಲಿ. 2018ರ ಡಿಸೆಂಬರಿನಲ್ಲಿ ಇಂಥದೇ ಹಳಿ ಬೇಲಿ ದಾಟಲು ಹೋದ ಆನೆಯೊಂದು ನಡುವೆ ಸಿಕ್ಕಿ ಪ್ರಾಣ ಬಿಟ್ಟದ್ದು ಇದೇ ವಲಯದಲ್ಲಿ. ಬೆಳೆ ಉಳಿಯಲೆಂದು ಹಾಕಿದ ಬೇಲಿ ಅದು. ಇಲ್ಲಿನ ರೈತರನ್ನು ಕೇಳಿ ನೋಡಿ, ಒಂದೇ ಉಸಿರಿನಲ್ಲಿ ಆನೆಯನ್ನು ಬೈಯುತ್ತಾರೆ, ಗಣೇಶ ಎಂದು ಕೈಯನ್ನೂ ಮುಗಿಯುತ್ತಾರೆ. ಎರಡೂ ನಿಜವಾದ ಭಾವನೆಗಳೇ.

ಈ ಊರಿನ ಹೆಸರು ನಾಡಿಗೆಲ್ಲ ಗೊತ್ತಿರುವುದು ಗಜಪಯಣದಿಂದ. ದಸರೆಯ ಆನೆಗಳ ಮೊದಲ ತಂಡ ಮೈಸೂರಿಗೆ ಹೊರಡುವುದು ಇಲ್ಲಿಂದ. ಮಾವುತರು ಆನೆಗಳ ಹಣೆಗೆ ಬಣ್ಣದಲ್ಲಿ ಚಿತ್ತಾರ ಬರೆಯುತ್ತಾರೆ. ಪೂಜೆ, ಬೆಲ್ಲ, ಕಬ್ಬು, ಮಂತ್ರಿಗಳ ಭಾಷಣ. ಕಾಡಂಚಿನ ಬುಡಕಟ್ಟು ಹಾಡಿಗಳ ಹುಡುಗ ಹುಡುಗಿಯರ ಕುಣಿತ. ಹಿಂದೆ ಆನೆಗಳು ದಾರಿಯುದ್ದಕ್ಕೂ ನಡೆದು ಹೋಗುತ್ತಿದ್ದವು, ಈಗ ಲಾರಿ ಹತ್ತುತ್ತವೆ. ಮಾವುತ, ಕಾವಾಡಿಗಳ ಸಂಸಾರಗಳೂ ಪಾತ್ರೆ ಪಗಡಿ ಕಟ್ಟಿಕೊಂಡು ಜೊತೆಗೇ ಹೊರಡುತ್ತವೆ. ದಸರೆ ಮುಗಿಯುವವರೆಗೆ ಆ ಮಕ್ಕಳಿಗೆ ಅರಮನೆಯ ಅಂಗಳದಲ್ಲೇ ಟೆಂಟು ಶಾಲೆ.

ಇಂಥ ಊರಿನ ಚಹದಂಗಡಿಯ ಬೆಂಚಿನ ಮೇಲೆ, ಗೇಟು ತೆರೆಯುವುದನ್ನು ಕಾಯುತ್ತ ನಾನು ಓದುತ್ತಿದ್ದದ್ದು ಕರಾವಳಿಯ ಪುಸ್ತಕ: ಶಿವರಾಮ ಕಾರಂತರ ಆತ್ಮಕಥನ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’. ಕಡಲಿಗೂ ಈ ಕಾಡಿಗೂ ಏನು ಸಂಬಂಧ ಎಂದು ಅನ್ನಿಸಬಹುದು. ಆ ನಂಟು ಈ ಗೇಟಿನಿಂದಲೇ ಒಳಗೆ ಹೋಗಿದೆ, ಅದನ್ನು ಮುಂದೆ ಹೇಳುತ್ತೇನೆ.

ಕಾರಂತರನ್ನು ನಾವು ಕಾದಂಬರಿಕಾರ, ಯಕ್ಷಗಾನದ ಪ್ರಯೋಗಶೀಲ, ಜ್ಞಾನಪೀಠದ ಹಿರಿಯ ಎಂದು ನೆನೆಯುತ್ತೇವೆ. ಮಕ್ಕಳ ಲೇಖಕ ಎಂದು ಮೊದಲ ಸಾಲಿನಲ್ಲಿ ಯಾರೂ ಹೇಳುವುದಿಲ್ಲ. ನನಗೆ ಅವರು ಮೊದಲು ಮಕ್ಕಳ ಲೇಖಕ. 1902ರ ಅಕ್ಟೋಬರ್ 10ರಂದು ಕೋಟದಲ್ಲಿ ಹುಟ್ಟಿದ ಈ ಮನುಷ್ಯ ಮೂವತ್ತರ ಹರೆಯದಲ್ಲಿ, 1936ರ ಹೊತ್ತಿಗೆ, ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಒಬ್ಬರೇ ಬರೆದು ಮುಗಿಸಿದ್ದರು. ಸಂಪಾದಕ ಮಂಡಳಿಯಿಲ್ಲ, ವಿಶ್ವವಿದ್ಯಾಲಯದ ಬೆಂಬಲವಿಲ್ಲ. ಕನ್ನಡದ ಮಗುವಿಗೆ ಭೂಮಿ, ನಕ್ಷತ್ರ, ಗಿಡ, ಪ್ರಾಣಿ, ಯಂತ್ರ ಎಲ್ಲವನ್ನೂ ಅದರದೇ ಮಾತಿನಲ್ಲಿ ಹೇಳಬೇಕು ಎಂಬ ಒಂದೇ ಹಟ.

ಆ ಹಟ ಎಲ್ಲಿಂದ ಬಂತು ಎಂಬುದಕ್ಕೆ 1948ರಲ್ಲಿ ಬಂದ ಈ ಆತ್ಮಕಥನದ ಯೌವನದ ಪುಟಗಳನ್ನು ನೋಡಬೇಕು. ಗಾಂಧೀಜಿಯ ಕರೆಗೆ ಓಗೊಟ್ಟು ಮಂಗಳೂರಿನ ಕಾಲೇಜು ಬಿಟ್ಟ ಹುಡುಗನಿಗೆ ಆಗ ಇಪ್ಪತ್ತರ ಆಸುಪಾಸು. ಖಾದಿ ಹೊತ್ತು ಊರೂರು ಸುತ್ತಿದ. ‘ವಸಂತ’ ಎಂಬ ಮಾಸಪತ್ರಿಕೆ ಹೊರಡಿಸಿದ, ಪತ್ತೇದಾರಿ ಕತೆ ಬರೆದ. ದೇವರನ್ನು ಹುಡುಕಿದ, ಸಿಗಲಿಲ್ಲ ಎಂದು ತಿಳಿದಾಗ ಹಾಗೆಂದೇ ಹೇಳಿದ. ನಾಟಕ ಬರೆದು, ಆಡಿಸಿ, ತಾನೂ ಬಣ್ಣ ಹಚ್ಚಿದ. ಕ್ಯಾಮೆರಾ ಹಿಡಿದ. 1930ರಲ್ಲಿ ‘ಡೊಮಿಂಗೊ’, ಮರುವರ್ಷ ‘ಭೂತರಾಜ್ಯ’ ಎಂದು ಎರಡು ಮೂಕಿ ಚಿತ್ರ ಮಾಡಿದ. ವೇಶ್ಯಾವೃತ್ತಿಯ ವಿರುದ್ಧ ಸಾರಿದ. ಒಂದರಲ್ಲಿ ನಷ್ಟ, ಒಂದರಲ್ಲಿ ಭ್ರಮನಿರಸನ, ಮತ್ತೊಂದರಲ್ಲಿ ಊರವರ ಕೊಂಕು. ಒಂದು ಬಾಗಿಲು ಮುಚ್ಚಿದ ಮೇಲೆ ಅದರ ಮುಂದೆ ಕೂತು ಅತ್ತ ಪುಟ ಮಾತ್ರ ಈ ಪುಸ್ತಕದಲ್ಲಿ ನನಗೆ ಕಾಣಲಿಲ್ಲ.

ಇಪ್ಪತ್ತರಿಂದ ಮೂವತ್ತರವರೆಗಿನ ಈ ಅಲೆದಾಟವನ್ನು ಓದುವವರು ಸಾಮಾನ್ಯವಾಗಿ ಪ್ರತಿಭೆಯ ಚಂಚಲತೆ ಎಂದು ಮೆಚ್ಚಿ ಮುಂದಕ್ಕೆ ಹೋಗುತ್ತಾರೆ. ಅಲ್ಲೇ ಸ್ವಲ್ಪ ಹೊತ್ತು ನಿಲ್ಲಬೇಕು ಎಂಬುದು ನನ್ನ ಒತ್ತಾಯ. ಕಾರಂತರು ಪ್ರತಿ ಕಸುಬಿಗೂ ಏನೂ ಗೊತ್ತಿಲ್ಲದವರಾಗಿ ಕಾಲಿಟ್ಟರು. ಕ್ಯಾಮೆರಾ ಕೈಗೆ ಬಂದರೆ ಬೆಳಕು ಹೇಗೆ ನಡೆಯುತ್ತದೆ ಎಂಬಲ್ಲಿಂದ ಶುರು. ಅಚ್ಚುಕೂಟ ಹಾಕಿದರೆ ಮೊಳೆ ಜೋಡಿಸುವುದರಿಂದ. ಕುಣಿತಕ್ಕೆ ಇಳಿದರೆ ಹೆಜ್ಜೆಯಿಂದ. ದೊಡ್ಡವನಾದ ಮೇಲೂ ಮತ್ತೆ ಮತ್ತೆ ಒಂದನೆಯ ತರಗತಿಗೆ ಸೇರಿದ ಮನುಷ್ಯನಿಗೆ ಮಾತ್ರ ಮಗುವಿನ ಪ್ರಶ್ನೆ ಯಾವ ಜಾಗದಲ್ಲಿ ಹುಟ್ಟುತ್ತದೆ ಎಂದು ಗೊತ್ತಾಗುತ್ತದೆ. ‘ಬಾಲಪ್ರಪಂಚ’ಕ್ಕೆ ಬೇಕಾದ ಸರಕು ಆ ಹತ್ತು ವರ್ಷಗಳಲ್ಲಿ, ಸೋತ ಕಸುಬುಗಳಲ್ಲಿ, ಅವರಿಗೇ ತಿಳಿಯದಂತೆ ಕೂಡಿಬಂತು.

ಆಮೇಲಿನದು ಪುತ್ತೂರು. ಸಹಕಾರಿ ಧುರೀಣ ಮೊಳಹಳ್ಳಿ ಶಿವರಾಯರ ಆಸರೆ, ದಸರಾ ನಾಡಹಬ್ಬ, ಬಾಲವನ. ಗುಡ್ಡದ ಮೇಲಿನ ಆ ಜಾಗದಲ್ಲಿ ಮಕ್ಕಳಿಗೆ ಆಟ, ನಾಟಕ, ಚಿತ್ರ. ಪಾಠ ಅವುಗಳ ನಡುವೆ ತಾನಾಗಿ ನುಸುಳಬೇಕು ಎಂಬುದು ಅವರ ನಂಬಿಕೆ. ತಮ್ಮ ಬಳಿ ನೃತ್ಯ ಕಲಿತ ಲೀಲಾ ಆಳ್ವರನ್ನು 1936ರಲ್ಲಿ ಜಾತಿಯ ಗೋಡೆ ದಾಟಿ ಮದುವೆಯಾದರು. ‘ಚೋಮನ ದುಡಿ’ 1933ರಲ್ಲೇ ಬಂದಿತ್ತು. ಉಳಲು ತುಂಡು ನೆಲ ಬೇಕೆಂದು ಬೇಡಿದ ಚೋಮನ ಕತೆ ಬರೆದ ಕೈಯೇ ಮಕ್ಕಳಿಗೆ ನಕ್ಷತ್ರಗಳ ಪಾಠ ಬರೆಯುತ್ತಿತ್ತು.

ಮಕ್ಕಳಿಗಾಗಿ ಬರೆದವರ ಯೌವನದ ಕಥನ ಎಂದರೆ ಜಗತ್ತಿಗೆ ಥಟ್ಟನೆ ನೆನಪಾಗುವುದು ರೋಲ್ಡ್ ಡಾಲ್‌ನ ‘ಗೋಯಿಂಗ್ ಸೋಲೋ’. 1986ರಲ್ಲಿ ಬಂದ ಪುಸ್ತಕ. ಶೆಲ್ ಕಂಪನಿಯ ನೌಕರನಾಗಿ 1938ರಲ್ಲಿ ಹಡಗು ಹತ್ತಿ ಪೂರ್ವ ಆಫ್ರಿಕಾಕ್ಕೆ ಹೋದ ಹುಡುಗ ಯುದ್ಧ ಶುರುವಾದ ಮೇಲೆ ವಿಮಾನ ಹಾರಿಸಲು ಕಲಿಯುತ್ತಾನೆ, 1940ರಲ್ಲಿ ಮರುಭೂಮಿಯಲ್ಲಿ ಅಪಘಾತಕ್ಕೆ ಸಿಕ್ಕಿ ಬದುಕುತ್ತಾನೆ, ಗ್ರೀಸಿನ ಆಕಾಶದಲ್ಲಿ ಕಾದಾಡುತ್ತಾನೆ, 1941ರಲ್ಲಿ ತಾಯಿಯ ಮನೆಗೆ ಮರಳುತ್ತಾನೆ. ಅದರಲ್ಲಿ ಅಡುಗೆಯವನ ಹೆಂಡತಿಯನ್ನು ಸಿಂಹವೊಂದು ಬಾಯಲ್ಲಿ ಕಚ್ಚಿ ಒಯ್ಯುತ್ತದೆ, ಗುಂಡಿನ ಸದ್ದು ಕೇಳಿ ಬಿಟ್ಟು ಓಡುತ್ತದೆ, ಅವಳ ಮೈಮೇಲೆ ಒಂದು ಗಾಯವೂ ಇರುವುದಿಲ್ಲ. ವೀರನಹೊಸಹಳ್ಳಿಯ ಚಹದಂಗಡಿಯಲ್ಲಿ ಈ ಕತೆ ಹೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಹೊಲದಲ್ಲಿ ಸಲಗ ಎದುರಾದದ್ದು, ಕೊಟ್ಟಿಗೆಯ ಕರುವನ್ನು ಚಿರತೆ ಎಳೆದದ್ದು, ನಡುರಾತ್ರಿ ಅಟ್ಟಣೆಯ ಕಂಬಕ್ಕೆ ಆನೆ ಮೈ ಉಜ್ಜಿದ್ದು, ಇವೆಲ್ಲ ಇಲ್ಲಿ ಮನೆಮನೆಯ ಮಾತು.

ಡಾಲ್ ಕತೆಗಾಗಿ ಎರಡು ಸಮುದ್ರ ದಾಟಿದ. ಕಾರಂತರು ಆ ವಯಸ್ಸಿನ ಬಹುಪಾಲು ದಿನಗಳನ್ನು ತಮ್ಮ ಜಿಲ್ಲೆಯ ಕಾಲುದಾರಿಗಳಲ್ಲೇ ಕಳೆದರು. ಇಬ್ಬರ ಪುಸ್ತಕವೂ ನನಗೆ ಇಷ್ಟ. ಆದರೆ ಹಳ್ಳಿಯ ಹುಡುಗನೊಬ್ಬನ ಕೈಗೆ ಮೊದಲು ಯಾವುದನ್ನು ಕೊಡಲಿ ಎಂದರೆ ಕಾರಂತರದನ್ನೇ ಕೊಡುತ್ತೇನೆ. ಬದುಕು ದೂರದಲ್ಲೆಲ್ಲೋ ನಡೆಯುತ್ತಿದೆ ಎಂಬ ನೋವು ನಮ್ಮ ಹಳ್ಳಿಯ ಮಕ್ಕಳಿಗೆ ಬೇಗ ತಗಲುತ್ತದೆ. ಆ ನೋವಿಗೆ ಈ ಪುಸ್ತಕ ಉತ್ತರ ಕೊಡುತ್ತದೆ.

ಆರು ಹೊಡೆಯಿತು. ಗೇಟು ತೆರೆದು, ಸಾಲುಗಟ್ಟಿದ ವಾಹನಗಳು ಒಂದೊಂದಾಗಿ ಚೀಟಿ ಪಡೆದವು. ಒಳಗೆ ತೇಗ, ಮತ್ತಿ, ನಂದಿ, ಬೀಟೆ. ರಸ್ತೆಯ ಇಕ್ಕೆಲದಲ್ಲಿ ಲಂಟಾನದ ಪೊದೆ ಒತ್ತಿಕೊಂಡು ಬೆಳೆದಿದೆ. ಎಳೆ ಬಿಸಿಲಿಗೆ ಮೈಯೊಡ್ಡಿ ನಿಂತ ಜಿಂಕೆಗಳ ಹಿಂಡು, ಹಳ್ಳದಾಚೆ ಕಾಟಿಯ ಕಪ್ಪು ಬೆನ್ನು.

ಕಾರಂತರ ಮಗ ಉಲ್ಲಾಸ ಕಾರಂತರು ಹುಲಿಗಳ ಅಧ್ಯಯನ ನಡೆಸಿದ್ದು ಈ ಕಾಡಿನಲ್ಲಿ. ಅವರು ಹುಟ್ಟಿದ್ದು 1948ರಲ್ಲಿ, ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಬಂದ ವರ್ಷವೇ. ಶಾಲೆಯ ಮೇಲೆ ನಂಬಿಕೆಯಿಲ್ಲದ ತಂದೆ ಮಗನನ್ನು ಮೊದಲ ಕೆಲವು ವರ್ಷ ಮನೆಯಲ್ಲೇ ಓದಿಸಿದರು. ಪುತ್ತೂರಿನ ಗುಡ್ಡ, ಹಕ್ಕಿ, ಹಾವು, ತಂದೆಯ ಪುಸ್ತಕದ ಕಪಾಟು, ಅದೇ ಪಾಠಶಾಲೆ. ಮಗ ಎಂಜಿನಿಯರಿಂಗ್ ಓದಿದರು, ಬೇಸಾಯ ಮಾಡಿದರು, ಆಮೇಲೆ ವನ್ಯಜೀವಿ ವಿಜ್ಞಾನಕ್ಕೆ ಹೊರಳಿದರು. ತಂದೆಯಂತೆ ಅವರೂ ಒಂದು ಕಸುಬಿಗೆ ಅಂಟಿಕೊಂಡು ಕೂರಲಿಲ್ಲ.

1986ರಲ್ಲಿ ನಾಗರಹೊಳೆಯಲ್ಲಿ ಅವರ ಸಂಶೋಧನೆ ಆರಂಭವಾಯಿತು. 1990ರಲ್ಲಿ ಹುಲಿಗಳ ಕೊರಳಿಗೆ ರೇಡಿಯೊ ಪಟ್ಟಿ ಕಟ್ಟಿ ಅವು ಎಲ್ಲಿ ಸುತ್ತುತ್ತವೆ, ಎಷ್ಟು ದೂರ ನಡೆಯುತ್ತವೆ ಎಂದು ಹಿಂಬಾಲಿಸಿದರು. ಅಲ್ಲಿಯವರೆಗೆ ಹುಲಿ ಎಣಿಸುವುದೆಂದರೆ ಹೆಜ್ಜೆ ಗುರುತಿನ ಅಚ್ಚು ತೆಗೆದು ಲೆಕ್ಕ ಹಾಕುವುದು. ಮಣ್ಣು ಹಸಿಯಿದ್ದರೆ ಒಂದು ಆಕಾರ, ಒಣಗಿದ್ದರೆ ಇನ್ನೊಂದು. ಒಂದೇ ಹುಲಿ ಎರಡಾಗಬಹುದು, ಎರಡು ಒಂದಾಗಬಹುದು. ಆ ಲೆಕ್ಕವನ್ನು ನಂಬಲಾಗದು ಎಂದು ಅವರು ಹೇಳಿದಾಗ ಹಲವರಿಗೆ ಹಿಡಿಸಲಿಲ್ಲ. ಅದರ ಬದಲು ಕಾಲುದಾರಿಯ ಎರಡು ಬದಿಗೂ ಕ್ಯಾಮೆರಾ ಕಟ್ಟಿ, ಹುಲಿ ಹಾದುಹೋಗುವಾಗ ತಾನಾಗಿ ಚಿತ್ರ ಬೀಳುವಂತೆ ಮಾಡಿದರು. ಒಂದು ಹುಲಿಯ ಪಟ್ಟೆಯಂತೆ ಇನ್ನೊಂದರ ಪಟ್ಟೆ ಇರುವುದಿಲ್ಲ. ಎಡಮಗ್ಗುಲಿಗೂ ಬಲಮಗ್ಗುಲಿಗೂ ಹೋಲಿಕೆಯಿಲ್ಲದ ಕಾರಣ ಎರಡು ಕ್ಯಾಮೆರಾ. ಸಿಕ್ಕ ಚಿತ್ರಗಳಲ್ಲಿ ಅದೇ ಹುಲಿ ಮತ್ತೆ ಎಷ್ಟು ಸಲ ಬಂತು ಎಂಬುದರಿಂದ ಕಾಣದೆ ಉಳಿದವುಗಳ ಸಂಖ್ಯೆಯನ್ನೂ ಗಣಿತದಿಂದ ಅಂದಾಜು ಮಾಡಬಹುದು. ಇಂದು ದೇಶದುದ್ದಕ್ಕೂ ಹುಲಿ ಎಣಿಸುವಾಗ ಕ್ಯಾಮೆರಾ ಇಲ್ಲದೆ ಕೆಲಸ ಸಾಗುವುದಿಲ್ಲ. ಮೂಕಿ ಚಿತ್ರ ತೆಗೆಯಲು ಹೋಗಿ ಕೈಸುಟ್ಟುಕೊಂಡ ತಂದೆ, ಕ್ಯಾಮೆರಾದಿಂದ ಹುಲಿ ಎಣಿಸಿದ ಮಗ: ಇವರಿಬ್ಬರ ನಡುವೆ ನಾನು ಗೆರೆ ಎಳೆಯುವುದು ಅತಿಯಾಯಿತು ಎಂದು ಯಾರಾದರೂ ಹೇಳಬಹುದು. ಆದರೂ ಎಳೆಯುತ್ತೇನೆ. ಹೇಳಿದ್ದನ್ನು ನಂಬಬೇಡ, ಹೋಗಿ ನೋಡು ಎಂಬುದು ಆ ಮನೆಯ ಪಾಠ. ಅದು ಇಪ್ಪತ್ತರ ಹರೆಯದ ಶಿವರಾಮನ ಅಲೆದಾಟದಲ್ಲಿ ಶುರುವಾದದ್ದು.

ಈ ಕಾಡಿನ ಮಾತು ಆಡುವಾಗ ಇನ್ನೊಂದನ್ನು ಬಿಟ್ಟು ಹೋದರೆ ಚೋಮನಿಗೆ ಅನ್ಯಾಯ ಮಾಡಿದಂತೆ. ಜೇನುಕುರುಬರು, ಬೆಟ್ಟಕುರುಬರು, ಯರವರು ತಲೆತಲಾಂತರದಿಂದ ಬಾಳಿದ ನೆಲ ಇದು. ರಾಷ್ಟ್ರೀಯ ಉದ್ಯಾನವಾದ ಮೇಲೆ, ಹುಲಿ ಯೋಜನೆಗೆ ಸೇರಿದ ಮೇಲೆ ಎಷ್ಟೋ ಹಾಡಿಗಳು ಹೊರಬಂದವು. ಕೆಲವರಿಗೆ ನಾಗಾಪುರದಲ್ಲಿ ಮನೆ, ಜಮೀನು ಕೊಟ್ಟರು. ಕೆಲವರು ಶಾಲೆ, ಆಸ್ಪತ್ರೆ ಹತ್ತಿರವಾಯಿತೆಂದು ನೆಮ್ಮದಿ ಪಟ್ಟರು. ಕೆಲವರು ಹಿರಿಯರ ಸಮಾಧಿಗಳಿರುವ ಜಾಗಕ್ಕೆ ಹೋಗಲೂ ಗೇಟಿನಲ್ಲಿ ಕೇಳಬೇಕಲ್ಲ ಎಂದು ಇವತ್ತಿಗೂ ಕುದಿಯುತ್ತಾರೆ. ಹುಲಿಗೆ ನೆಮ್ಮದಿಯ ಜಾಗ ಬೇಕು ಎಂಬುದನ್ನು ಒಪ್ಪುವ ನನಗೆ ಈ ಕುದಿತವೂ ನ್ಯಾಯವೆಂದೇ ಕಾಣುತ್ತದೆ.

ನಾಗಾಪುರದ ಕಡೆಯ ಮಕ್ಕಳ ಜೊತೆ ಕೂತು ಮಾತಾಡಿದರೆ ‘ಬಾಲಪ್ರಪಂಚ’ದಲ್ಲಿ ಬರದ ಒಂದು ಪ್ರಪಂಚವೇ ತೆರೆದುಕೊಳ್ಳುತ್ತದೆ. ಯಾವ ಹೂ ಬಿಟ್ಟಾಗ ಹೆಜ್ಜೇನು ಎಲ್ಲಿ ಕಟ್ಟುತ್ತದೆ, ಕೆಸರಿನ ಮೇಲೆ ಕಾಟಿಯ ಗೊರಸಿಗೂ ಕಡವೆಯ ಗೊರಸಿಗೂ ಏನು ವ್ಯತ್ಯಾಸ, ಯಾವ ಗೆಣಸನ್ನು ಅಗೆದು ತಿಂದ ಮೇಲೆ ಬಳ್ಳಿಯ ತುದಿಯನ್ನು ಮಣ್ಣಿಗೆ ಮತ್ತೆ ಊರಬೇಕು. ಪಠ್ಯಪುಸ್ತಕದಲ್ಲಿ ಇದು ಇಲ್ಲ, ಪರೀಕ್ಷೆಯಲ್ಲಿ ಇದಕ್ಕೆ ಅಂಕವಿಲ್ಲ. ಇವರಲ್ಲೊಬ್ಬರು ನಾಳೆ ಇಪ್ಪತ್ತಾಗಿ, ಹುಣಸೂರಿನಲ್ಲೋ ಮೈಸೂರಿನಲ್ಲೋ ಕೊಡಗಿನ ಕಾಫಿ ತೋಟದಲ್ಲೋ ಹತ್ತು ಕೆಲಸ ಹಿಡಿದು ಬಿಟ್ಟು, ಒಂದು ದಿನ ಕೂತು ತಮ್ಮ ಕತೆ ಬರೆಯಬೇಕು ಎಂದು ನಾನು ಮನಸಾರೆ ಬಯಸುತ್ತೇನೆ. ಕನ್ನಡದ ಮಕ್ಕಳ ಸಾಹಿತ್ಯಕ್ಕೆ ಆ ಪುಸ್ತಕದ ಬಾಕಿ ಇದೆ. ಅದಕ್ಕೆ ಮುಂಚೆ ಇಲ್ಲಿನ ಶಾಲೆಯ ಕಪಾಟಿಗೆ ಕಾರಂತರ ಆ ಮೂರು ಸಂಪುಟಗಳೂ ಈ ಆತ್ಮಕಥನವೂ ಬರಬೇಕು, ಬೀಗವಿಲ್ಲದ ಕಪಾಟಿಗೆ.

ಕಾರಂತರು ತೀರಿಕೊಂಡದ್ದು 1997ರ ಡಿಸೆಂಬರಿನಲ್ಲಿ. ಯೌವನದಲ್ಲಿ ಹಿಡಿದ ಒಂದೊಂದೇ ಕಸುಬನ್ನು ಕೆಳಗಿಟ್ಟರೂ ನೋಡುವ ಕೆಲಸವನ್ನು ಅವರು ಬಿಡಲಿಲ್ಲ. ತೊಂಬತ್ತು ದಾಟಿದ ಮೇಲೂ ಹಕ್ಕಿಗಳ ಬಗ್ಗೆ ಒಂದು ಪುಸ್ತಕ ಬರೆದರು. ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು 2002ರಲ್ಲಿ ಪ್ರಕಟಿಸಿತು.