ನದಿಯನ್ನು ತೂಗುವ ಅವಳಿಗಳು

ಜಾಂಬಿಯಾದ ಲುವಾಂಗ್ವಾ ನದಿ ಮಳೆಗಾಲದಲ್ಲಿ ಕೆನ್ನೀರಾಗಿ ದಡ ಮೀರಿ ಹರಿಯುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಮರಳ ದಿಣ್ಣೆಗಳು ಎದ್ದು, ಅಲ್ಲಲ್ಲಿ ಉಳಿದ ಮಡುಗಳಲ್ಲಿ ನೀರಾನೆಗಳು ಒತ್ತೊತ್ತಾಗಿ ಮಲಗಿರುತ್ತವೆ. ಸುಮಾರು ಒಂದೂವರೆ ಲಕ್ಷ ಚದರ ಕಿಲೋಮೀಟರ್ ನೆಲದ ನೀರು ಬಸಿದು ಈ ನದಿಗೆ ಸೇರುತ್ತದೆ. ನದಿ ಜಾಂಬೆಜಿಯನ್ನು ಕೂಡಿಕೊಂಡು ಮೊಜಾಂಬಿಕ್‌ನ ಕಹೋರಾ ಬಾಸಾ ಜಲಾಶಯಕ್ಕೆ ಇಳಿಯುತ್ತದೆ. ನಡುವೆ ತಡೆದು ನಿಲ್ಲಿಸುವ ದೊಡ್ಡ ಅಣೆಕಟ್ಟು ಇಲ್ಲ. ಎಷ್ಟು ನೀರು ಯಾವಾಗ ಬರುತ್ತದೆಂದು ಕೆಳಗಿನವರು ಮೊದಲೇ ತಿಳಿಯಬೇಕು. ಆದರೆ ಇಷ್ಟು ವಿಸ್ತಾರದ ನಾಡಿನಲ್ಲಿ ಹರಿವು ಅಳೆಯುವ ಠಾಣೆಗಳು ತೀರ ಕಡಿಮೆ.

ಹಾಗಾಗಿ ಕಂಪ್ಯೂಟರ್ ಮಾದರಿಯ ಮೊರೆ ಹೋಗಬೇಕು. ಮಾದರಿ ಎಂದರೆ ನೀರಿನ ಜಮಾಖರ್ಚಿನ ಪುಸ್ತಕ. ಬಿದ್ದ ಮಳೆ ಜಮಾ. ಗಿಡಮರಗಳು ಆವಿಯಾಗಿ ಬಿಟ್ಟದ್ದು, ನದಿ ಹೊತ್ತೊಯ್ದದ್ದು ಖರ್ಚು. ಮಣ್ಣಿನ ತೇವ, ಅಂತರ್ಜಲ ಉಳಿಕೆ. ಯಾವ ಬಾಬ್ತಿಗೆ ಎಷ್ಟು ಎಂಬುದನ್ನು ತೀರ್ಮಾನಿಸುವುದು ಕೆಲವು ಅಂಕಿಗಳು: ಮಣ್ಣು ಎಷ್ಟು ನೀರು ಹಿಡಿದೀತು, ಬೇರು ಎಷ್ಟು ಆಳದಿಂದ ಹೀರೀತು, ಅಂತರ್ಜಲ ಎಷ್ಟು ನಿಧಾನವಾಗಿ ನದಿಗೆ ಜಿನುಗೀತು. ಇವನ್ನು ಊರೂರಿಗೆ ಹೋಗಿ ಅಗೆದು ಅಳೆಯಲಾಗದು. ಆದ್ದರಿಂದ ತಂಬೂರಿಯ ಬಿರಡೆ ತಿರುಗಿಸಿದಂತೆ ಒಂದೊಂದೇ ಅಂಕಿಯನ್ನು ಹಿಂದೆ ಮುಂದೆ ಮಾಡುತ್ತ, ಮಾದರಿ ಹೇಳುವ ಹರಿವು ಸೇತುವೆಯ ಬಳಿ ಅಳೆದ ಹರಿವಿಗೆ ಕೂಡುವವರೆಗೆ ಶ್ರುತಿ ಹಿಡಿಯುತ್ತಾರೆ. ಇದೇ ಕ್ಯಾಲಿಬ್ರೇಷನ್.

ಅಪಾಯ ಇರುವುದೂ ಇಲ್ಲೇ. ಆವಿಯ ಲೆಕ್ಕದಲ್ಲಿ ಒಂದು ತಪ್ಪು, ಅಂತರ್ಜಲದ ಲೆಕ್ಕದಲ್ಲಿ ಅದಕ್ಕೆ ಎದುರಾದ ಇನ್ನೊಂದು ತಪ್ಪು ಆದರೆ, ಕೊನೆಯ ಮೊತ್ತ ಸರಿಯಾಗಿಯೇ ಬರುತ್ತದೆ. ಹೀಗೆ ಬೇರೆ ಬೇರೆ ಅಂಕಿಗಳ ಜೋಡಣೆಗಳು ಒಂದೇ ಉತ್ತರ ಕೊಡುವುದನ್ನು ಬ್ರಿಟನ್ನಿನ ಜಲವಿಜ್ಞಾನಿ ಕೀತ್ ಬೆವೆನ್ ದಶಕಗಳಿಂದ ಎತ್ತಿ ತೋರಿಸುತ್ತ ಬಂದಿದ್ದಾರೆ. ಸೇತುವೆಯ ಬಳಿಯ ಒಂದೇ ಅಳತೆಯನ್ನು ನಂಬಿ ಕೂತರೆ ಈ ಒಳತಪ್ಪು ಎಂದಿಗೂ ಸಿಕ್ಕಿಬೀಳದು. ಅದನ್ನು ಹಿಡಿಯಲು ಉಳಿಕೆಯನ್ನೇ ಬೇರೆಯಾಗಿ ತೂಗಿ ನೋಡಬೇಕು.

ತೂಗುವ ಯಂತ್ರ 2002ರ ಮಾರ್ಚ್ 17ರಂದು ಆಕಾಶಕ್ಕೇರಿತು. ನಾಸಾ ಮತ್ತು ಜರ್ಮನಿ ಸೇರಿ ಹಾರಿಸಿದ ಗ್ರೇಸ್ ಎಂಬ ಅವಳಿ ಉಪಗ್ರಹ ಅದು. ಸುಮಾರು 500 ಕಿಲೋಮೀಟರ್ ಎತ್ತರದಲ್ಲಿ, ಒಂದರ ಹಿಂದೆ ಒಂದು, ನಡುವೆ ಸುಮಾರು 220 ಕಿಲೋಮೀಟರ್ ಅಂತರ ಇಟ್ಟುಕೊಂಡು ಇವು ಓಡುತ್ತಿದ್ದವು. ಇವು ಭೂಮಿಯ ಚಿತ್ರ ತೆಗೆಯುತ್ತಿರಲಿಲ್ಲ, ಪರಸ್ಪರ ದೂರವನ್ನು ಅಳೆಯುತ್ತಿದ್ದವು. ಕೆಳಗೆ ನೀರು ತುಂಬಿ ಭಾರವಾದ ನೆಲ ಬಂದಾಗ ಅದರ ಸೆಳೆತ ಮೊದಲು ಮುಂದಿನದನ್ನು ತುಸು ಎಳೆಯುತ್ತದೆ, ಅಂತರ ಹಿಗ್ಗುತ್ತದೆ. ಆಮೇಲೆ ಹಿಂದಿನದು ಬಂದಾಗ ಕುಗ್ಗುತ್ತದೆ. ಈ ಹಿಗ್ಗುಕುಗ್ಗು ಕೂದಲೆಳೆಯ ದಪ್ಪಕ್ಕಿಂತಲೂ ಎಷ್ಟೋ ಸಣ್ಣದು, ಮೈಕ್ರೊಮೀಟರುಗಳ ಲೆಕ್ಕದ್ದು. ಮೈಕ್ರೊವೇವ್ ಅಲೆಗಳಿಂದ ಅದನ್ನು ಅಳೆದು ತಿಂಗಳಿಗೊಂದು ನಕ್ಷೆ ಮಾಡಿದರೆ, ಯಾವ ಸೀಮೆಯಲ್ಲಿ ನೀರು ಕೂಡಿತು, ಎಲ್ಲಿ ಕರಗಿತು ಎಂಬುದು ತಿಳಿಯುತ್ತದೆ. ಆಳದ ಅಂತರ್ಜಲವೂ ಈ ತೂಕದಲ್ಲಿ ಸೇರಿರುತ್ತದೆ. 2017ರಲ್ಲಿ ಈ ಜೋಡಿ ನಿಂತಿತು. 2018ರ ಮೇ ತಿಂಗಳಿನಿಂದ ಲೇಸರ್ ಅಳತೆಯನ್ನೂ ಸೇರಿಸಿಕೊಂಡ ಹೊಸ ಜೋಡಿ ಅದೇ ಕೆಲಸ ಮುಂದುವರಿಸಿದೆ.

ಲುವಾಂಗ್ವಾದಲ್ಲಿ ಡೆಲ್ಫ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಈ ತೂಕದ ಜೊತೆಗೆ ಇತರ ಉಪಗ್ರಹಗಳು ಕೊಟ್ಟ ನದಿಮಟ್ಟ ಮತ್ತು ಆವಿಯ ಅಂದಾಜುಗಳನ್ನು ಮಾದರಿಯ ಎದುರು ಹಿಡಿದರು. ನನಗೆ ತುಂಬ ಹಿಡಿಸಿದ ಭಾಗ ಇಲ್ಲಿಂದ ಮುಂದಿನದು. ಆ ನಾಡಿನಲ್ಲಿ ಡಾಂಬೊ ಎಂದು ಕರೆಯುವ ಹುಲ್ಲಿನ ತಗ್ಗುಗಳಿವೆ. ಮಳೆಯಲ್ಲಿ ಕೆಸರಾಗಿ ಬೇಸಿಗೆಯಲ್ಲೂ ಪಸೆ ಉಳಿಸಿಕೊಳ್ಳುವ ಜಾಗಗಳು ಅವು. ನದಿಯ ಹರಿವಿಗೆ ಚೆನ್ನಾಗಿ ಹೊಂದಿದ್ದ ಮಾದರಿ, ಈ ಜೌಗುಗಳು ಬೇಸಿಗೆಯಲ್ಲಿ ಬಿಡುವ ಆವಿಯ ವಿಷಯಕ್ಕೆ ಬಂದಾಗ ಸೋತಿತು. ಬಿರಡೆ ಎಷ್ಟು ತಿರುಗಿಸಿದರೂ ಸಾಲದು, ವಾದ್ಯದಲ್ಲೇ ಒಂದು ತಂತಿ ಕಡಿಮೆ ಇತ್ತು. ಆಳದ ಅಂತರ್ಜಲ ಮೇಲಕ್ಕೇರಿ ತಗ್ಗಿನ ಮಣ್ಣನ್ನು ತೇವವಾಗಿಡುವ ದಾರಿಯನ್ನು ಮಾದರಿಗೆ ಸೇರಿಸಿದಾಗ ಲೆಕ್ಕ ಸುಧಾರಿಸಿತು. ಸೇತುವೆಯ ಅಳತೆಯೊಂದರಿಂದಲೇ ಈ ಕೊರತೆ ಹೊರಬೀಳುತ್ತಿರಲಿಲ್ಲ.

ನಮ್ಮ ದೇಶದಲ್ಲಿ ಈ ತಕ್ಕಡಿ ತೋರಿಸಿದ್ದು ಇನ್ನೂ ಕಹಿಯಾದದ್ದು. ರಾಜಸ್ಥಾನ, ಪಂಜಾಬ್, ಹರಿಯಾಣಗಳ ನೆಲ 2002ರಿಂದ 2008ರೊಳಗೆ 109 ಘನ ಕಿಲೋಮೀಟರ್ ಅಂತರ್ಜಲ ಕಳೆದುಕೊಂಡಿತೆಂದು 2009ರಲ್ಲಿ ನಾಸಾದ ವಿಜ್ಞಾನಿಗಳು ಲೆಕ್ಕ ಹಾಕಿದರು. ಟಿಎಂಸಿಯಲ್ಲಿ ಹೇಳುವುದಾದರೆ ಸುಮಾರು 3,850. ತುಂಬಿದ ಕನ್ನಂಬಾಡಿ ಕಟ್ಟೆಯಂಥವು 78 ಬೇಕು. ಪಂಪುಗಳನ್ನು ಲೆಕ್ಕಕ್ಕೆ ಹಿಡಿಯದ ಮಾದರಿ ಆ ಸೀಮೆಯಲ್ಲಿ ಹರಿವನ್ನು ಎಷ್ಟೇ ಚೆನ್ನಾಗಿ ಹೇಳಲಿ, ನೆಲದೊಳಗಿನ ಈ ಬರಿದಾಗುವಿಕೆ ಅದಕ್ಕೆ ಕಾಣದು.

ಕಾವೇರಿಗೂ ಇದನ್ನೇ ಮಾಡಬಾರದೇ ಎಂದು ಕೇಳಬಹುದು. ಗ್ರೇಸ್ ಬಗೆಯ ಜೋಡಿಗೆ ಸುಮಾರು 300 ಕಿಲೋಮೀಟರ್‌ಗಿಂತ ಚಿಕ್ಕ ಸೀಮೆಗಳು ಬಿಡಿಯಾಗಿ ಕಾಣುವುದಿಲ್ಲ. 2,58,948 ಚದರ ಕಿಲೋಮೀಟರ್‌ನ ಕೃಷ್ಣಾ ಜಲಾನಯನವನ್ನು ಅದು ತೂಗಬಲ್ಲದು. ಕಾವೇರಿಯದು 81,155 ಮಾತ್ರ. ಅಲ್ಲಿ ಘಟ್ಟದ ಆಚೆ ಸುರಿದ ಮಳೆಯ ಭಾರವೂ ಇದೇ ತಕ್ಕಡಿಗೆ ಬಂದು ಬೀಳುತ್ತದೆ. ಹಾಗಾಗಿ ಕಾವೇರಿಯ ಮಾದರಿಗೆ ಇನ್ನಷ್ಟು ಸೂಕ್ಷ್ಮವಾಗಿ ಕಾಣುವ ಉಪಗ್ರಹಗಳ ಆವಿಯ ಅಂದಾಜುಗಳು ಬೇಕು. ಅವುಗಳ ಜೊತೆಗೆ, ಬಾವಿಗೆ ಟೇಪು ಇಳಿಸಿ ತಿಂಗಳು ತಿಂಗಳೂ ಬರೆದಿಟ್ಟ ನೀರಿನ ಮಟ್ಟವೂ ಬೇಕು.