ವಿದ್ಯುನ್ಮಾನ ತ್ಯಾಜ್ಯದ ಪರಿಮಾಣ: ಎರಡು ಲೆಕ್ಕಗಳ ವಿಮರ್ಶೆ

ಹಿಂದಿನ ಕಾಲದ ವ್ಯಾಪಾರದ ಪ್ರಮಾಣವನ್ನು ಸುಂಕದ ಕಡತಗಳಿಂದ ಊಹಿಸುವುದು ಚರಿತ್ರೆಯ ಅಧ್ಯಾಪಕರಾದ ನಮಗೆ ಪರಿಚಿತವಾದ ಕೆಲಸ. ವಿದ್ಯುನ್ಮಾನ ತ್ಯಾಜ್ಯವನ್ನು ಅಳೆಯತಕ್ಕವರೂ ಬಹುಮಟ್ಟಿಗೆ ಇದೇ ದಾರಿಯನ್ನು ಹಿಡಿದಿದ್ದಾರೆ. ಕೆಟ್ಟುಹೋದ ಟೆಲಿವಿಷನ್ನುಗಳನ್ನೂ ಫೋನುಗಳನ್ನೂ ಯಾರೋ ತಕ್ಕಡಿಗೆ ಹಾಕಿ ಮೊತ್ತ ಬರೆದಿದ್ದಾರೆಂದು ವಿದ್ಯಾರ್ಥಿಗಳು ಭಾವಿಸುವುದುಂಟು. ಹಾಗೆ ಯಾರೂ ತೂಗಿಲ್ಲ.

ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ಜಾಗತಿಕ ವರದಿಯ ಪ್ರಕಾರ 2022ರಲ್ಲಿ ಭಾರತದಲ್ಲಿ ಉಂಟಾದ ಈ ತ್ಯಾಜ್ಯ ಸುಮಾರು 41 ಲಕ್ಷ ಟನ್. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕದಂತೆ 2021-22ರಲ್ಲಿ ಅದು ಸುಮಾರು 16 ಲಕ್ಷ ಟನ್. ದೇಶ ಒಂದೇ, ಕಾಲವೂ ಹೆಚ್ಚುಕಡಮೆ ಒಂದೇ. ಅಂತರವಾದರೋ ಎರಡೂವರೆ ಪಟ್ಟು! ಮಂಡಳಿಯು 2016ರ ನಿಯಮಗಳಲ್ಲಿ ಹೆಸರಿಸಿದ 21 ಬಗೆಯ ಉಪಕರಣಗಳನ್ನು ಮಾತ್ರ ಎಣಿಸಿ, ತಯಾರಕರು ಕೊಟ್ಟ ಮಾರಾಟದ ಅಂಕಿಗಳಿಗೆ ಸರಾಸರಿ ಆಯುಸ್ಸನ್ನು ಕೂಡಿಸಿತು. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ಆ ಪಟ್ಟಿಯಲ್ಲಿರಲಿಲ್ಲ. ಜಾಗತಿಕ ವರದಿಯ ವಿಧಾನದಲ್ಲಿ ಉಪಕರಣಗಳ ಗುಂಪುಗಳು 54. ಉತ್ಪಾದನೆಗೆ ಆಮದನ್ನು ಕೂಡಿಸಿ ರಫ್ತನ್ನು ಕಳೆದು, ಪೇಟೆಗೆ ಬಂದ ಸರಕೆಷ್ಟೆಂದು ತಿಳಿಯುತ್ತಾರೆ. ಬಳಿಕ ಅದು ಯಾವ ಯಾವ ವರ್ಷ ಎಷ್ಟೆಷ್ಟು ಕೆಡಬಹುದೆಂದು ಹಂಚುತ್ತಾರೆ.

ಈ ಆಯುಸ್ಸಿನ ವಿಚಾರವೇ ತೊಡಕಿನದು. ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರದಲ್ಲಿ 2005ರಲ್ಲಿ 20 ಕಿಲೋಗ್ರಾಂ ತೂಕದ 100 ಟೆಲಿವಿಷನ್ನುಗಳನ್ನು ಕೊಂಡರೆಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಸರಾಸರಿ ಆಯುಸ್ಸು 10 ವರ್ಷವಾದರೆ 2015ರಲ್ಲಿ 2 ಟನ್ ತ್ಯಾಜ್ಯ ಹುಟ್ಟಿತೆಂದು ಸರಳ ಗಣಿತ ಹೇಳುತ್ತದೆ. ವಾಸ್ತವದಲ್ಲಿ ಕೆಲವು ಆರನೆಯ ವರ್ಷವೇ ಕೆಟ್ಟಿರುತ್ತವೆ. ಕೆಲವು ರಿಪೇರಿಯಾಗಿ ನೆಂಟರ ಮನೆ ಸೇರಿರುತ್ತವೆ. ಮತ್ತೆ ಕೆಲವು ಇಂದಿಗೂ ಅಟ್ಟದ ಮೇಲಿರುತ್ತವೆ. ಗುಜರಿಯವನ ಕೈಗೆ ಹೋದದ್ದು ತಾಮ್ರವಾಗಿ, ಪ್ಲಾಸ್ಟಿಕ್ಕಾಗಿ ಬೇರೆಬೇರೆಯಾಗುತ್ತದೆ. ಬೆಂಗಳೂರಿನ ಜಾಲಿ ಮೊಹಲ್ಲಾದಂತಹ ಗುಜರಿ ಪೇಟೆಯನ್ನು ಸೇರುವ ಹೊತ್ತಿಗೆ ಅದಕ್ಕೆ ಟೆಲಿವಿಷನ್ ಎಂಬ ಹೆಸರೇ ಉಳಿದಿರುವುದಿಲ್ಲ. ಯಾವ ದಾಖಲೆಯಲ್ಲಿಯೂ ಅದು ಸಿಕ್ಕುವುದಿಲ್ಲ.

ಇದು ಬರಿಯ ಪಂಡಿತರ ಚರ್ಚೆಯಲ್ಲ. ಮಂಡಳಿಯ ಅಂಕಿಗಳ ಪ್ರಕಾರ 2021-22ರಲ್ಲಿ ಸಂಗ್ರಹವಾಗಿ ಸಂಸ್ಕರಣ ಹೊಂದಿದ್ದು ಸುಮಾರು 5.27 ಲಕ್ಷ ಟನ್. ಮಂಡಳಿಯ ಮೊತ್ತಕ್ಕೆ ಹೋಲಿಸಿದರೆ ಇದು ಮೂರರಲ್ಲೊಂದು ಪಾಲು. ಜಾಗತಿಕ ವರದಿಯ ಮೊತ್ತಕ್ಕೆ ಹೋಲಿಸಿದರೆ ಎಂಟರಲ್ಲೊಂದು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ನಿಯಮಗಳು ಉಪಕರಣಗಳ ಪಟ್ಟಿಯನ್ನು 106ಕ್ಕೆ ಏರಿಸಿದುವು. ಆದರೆ ತಯಾರಕರ ಹೊಣೆಯನ್ನು ಅವು ನಿರ್ಧರಿಸುವುದು ಸರಾಸರಿ ಆಯುಸ್ಸಿನಷ್ಟು ವರ್ಷಗಳ ಹಿಂದೆ ಮಾರಿದ ಸರಕಿನ ಮೇಲೆ. ಮಾರಾಟವು ವರ್ಷೇವರ್ಷೇ ಬೆಳೆಯುತ್ತಿರುವಾಗ ಆಯುಸ್ಸನ್ನು ಹೆಚ್ಚಾಗಿ ಹಿಡಿದಷ್ಟೂ ಲೆಕ್ಕವು ಹಿಂದಿನ, ಸಣ್ಣ ಮಾರಾಟದ ವರ್ಷಕ್ಕೆ ಸರಿಯುತ್ತದೆ. ಹೊಣೆಯೂ ಅಷ್ಟೇ ಹಗುರವಾಗುತ್ತದೆ. ಆ ಒಂದು ಅಂಕಿಯನ್ನು ಹೇಗೆ ಕಂಡುಕೊಂಡರೆಂದು ಕೇಳುವುದು ನಮ್ಮ ಅಭಿಪ್ರಾಯದಲ್ಲಿ ಮೊತ್ತವನ್ನು ಕೇಳುವುದಕ್ಕಿಂತ ಮುಖ್ಯ.

ಕಾಲೇಜಿನ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿಯೇ ಇದನ್ನು ವಿಚಾರಿಸಬಹುದು: ಯಾವ ವರ್ಷ ಕೊಂಡದ್ದು, ಯಾವಾಗ ನಿಂತದ್ದು, ಈಗ ಎಲ್ಲಿದೆ, ಯಾರು ಒಯ್ದರು. ಅಟ್ಟದ ಮೇಲಿರುವುದನ್ನು ಕೆಟ್ಟದ್ದೆಂದು ಒಪ್ಪದ ಮನೆಯವರೂ ಇರುತ್ತಾರೆ. "ರಿಪೇರಿ ಮಾಡಿಸಬೇಕು" ಎಂಬ ಅವರ ಉತ್ತರಕ್ಕೆ ಪಟ್ಟಿಯಲ್ಲಿ ಒಂದು ಪ್ರತ್ಯೇಕ ಕಾಲಮ್ಮನ್ನು ಬಿಡತಕ್ಕದ್ದು.