ಸಂಜಯನಗರದ ಮಹಡಿ, ಮೈಲ್ಸ್‌ನ ಖರಹರಪ್ರಿಯ

ಬಳ್ಳಾರಿ ರಸ್ತೆಯಲ್ಲಿ ಮೇಖ್ರಿ ವೃತ್ತ ದಾಟಿ, ಒಂದಷ್ಟು ದೂರ ಹೋಗಿ ಎಡಕ್ಕೆ ಹೊರಳಿ ಸಂಜಯನಗರದ ಮುಖ್ಯರಸ್ತೆಗೆ ಬಂದಾಗ ಭಾನುವಾರದ ಬೆಳಗು ಹತ್ತು ಗಂಟೆ. ತಳ್ಳುಗಾಡಿಯವನು ಈರುಳ್ಳಿಯ ಬೆಲೆ ಕೂಗುತ್ತಿದ್ದ. ಕೂಗುತ್ತಿದ್ದ ಅಂದರೆ ತಪ್ಪಾಯಿತು. ಅವನು ಬೀಡಿ ಸೇದುತ್ತ ನಿಂತಿದ್ದ, ಎಂದೋ ಮುದ್ರಿಸಿಕೊಂಡ ಅವನದೇ ದನಿಯನ್ನು ಗಾಡಿಗೆ ಕಟ್ಟಿದ ಪುಟ್ಟ ಸ್ಪೀಕರ್ ಕೂಗುತ್ತಿತ್ತು. ನಡುನಡುವೆ ಹಿಂದಿನಿಂದ ಒಂದು ಸ್ಕೂಟರಿನ ಹಾರ್ನ್. ಅದೂ ಮುದ್ರಣದಲ್ಲೇ ಸೇರಿಕೊಂಡದ್ದು, ಪ್ರತಿ ಸಲವೂ ಅದೇ ಜಾಗಕ್ಕೆ ಬರುತ್ತಿತ್ತು.

ನಾನು ಹೊರಟಿದ್ದ ಮನೆಯಲ್ಲಿ ಇಂಥ ಹಾರ್ನುಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುವವರಿದ್ದಾರೆ. ಯಾವ ಹಾಡಿನ ಎಷ್ಟನೇ ನಿಮಿಷದಲ್ಲಿ ಡ್ರಮ್ಮಿನ ಪೆಡಲ್ ಕಿರುಗುಟ್ಟುತ್ತದೆ, ಅದು ಹಳೆಯ ಪ್ಲೇಟಿನಲ್ಲಿ ಕೇಳಿಸುತ್ತದೋ ಹೊಸ ಮುದ್ರಣದಲ್ಲೋ, ಒರೆಸಿ ತೆಗೆದವರು ಪುಣ್ಯ ಮಾಡಿದರೋ ಪಾಪವೋ. ಮುಖ್ಯರಸ್ತೆ ಬಿಟ್ಟು, ಬೇಕರಿ ದಾಟಿ, ಹೊಂಗೆ ಮರಗಳಿರುವ ಅಡ್ಡರಸ್ತೆಗೆ ಇಳಿದರೆ ಎರಡು ಮಹಡಿಯ ಹಳೆಯ ಮನೆ. ಗೇಟಿನ ಹತ್ತಿರ ರಂಗೋಲಿ. ಮೇಲಿನಿಂದ ಸ್ಯಾಕ್ಸೊಫೋನು.

ಮೆಟ್ಟಿಲ ಬುಡದಲ್ಲಿ ಎಂಟು ಜೊತೆ ಚಪ್ಪಲಿ. ಎರಡು ಜೊತೆ ಹವಾಯಿ, ಒಂದು ಜೊತೆ ಕರಿಯ ಬೂಟು, ಮಿಕ್ಕವು ಹುಡುಗರವು. ಬೂಟಿನವರು ಜಾಝ್, ಹುಡುಗರು ರಾಕ್ ಎಂದು ಲೆಕ್ಕ ಹಾಕಿಕೊಂಡು ಹತ್ತಿದೆ. ಪೂರಾ ತಪ್ಪಿತ್ತು. ಐರನ್ ಮೇಡನ್ ಅಂಗಿ ತೊಟ್ಟವರು ಅರವತ್ತು ದಾಟಿದವರು. ಚಾರ್ಲ್ಸ್ ಮಿಂಗಸ್‌ನ 1963ರ ಪ್ಲೇಟಿಗಾಗಿ ಸಂಡೆ ಬಜಾರಿನಲ್ಲಿ ಮೂರು ವಾರ ಅಲೆದವನಿಗೆ ಇನ್ನೂ ಸರಿಯಾಗಿ ಮೀಸೆ ಬಂದಿರಲಿಲ್ಲ.

ಮನೆಯ ಯಜಮಾನರು ಬಿಇಎಲ್‌ನಿಂದ ನಿವೃತ್ತರಾದ ಎಂಜಿನಿಯರು. ಇದು ಕಾಕತಾಳೀಯವಲ್ಲ ಎಂಬುದು ನನ್ನ ಅನಿಸಿಕೆ. ಬೆಂಗಳೂರಿನ ರಾಕ್ ಎಂದರೆ ದಂಡು ಪ್ರದೇಶ, ಬ್ರಿಗೇಡ್ ರಸ್ತೆ, ರೆಸ್ಟ್ ಹೌಸ್ ರಸ್ತೆಯ ಪೆಕೋಸ್ ಎಂದು ಬರೆಯುವುದು ವಾಡಿಕೆ. ಉತ್ತರ ಬೆಂಗಳೂರಿಗೆ ಅದು ಬಂದದ್ದು ಬೇರೆ ಬಾಗಿಲಿನಿಂದ. ಬಿಇಎಲ್, ಎಚ್‌ಎಂಟಿ, ಟಾಟಾ ಇನ್‌ಸ್ಟಿಟ್ಯೂಟ್, ಇಸ್ರೋಗಳಲ್ಲಿ ದುಡಿದವರು ಸೋಲ್ಡರಿಂಗ್ ಕಡ್ಡಿ ಹಿಡಿದು ಒಳಗೆ ಕರೆತಂದರು. ಅವರಿಗೆ ಮೊದಲು ಬೇಕಾಗಿದ್ದದ್ದು ಒಳ್ಳೆಯ ಸದ್ದು. ಹಾಡು ಆಮೇಲೆ ಬಂತು. ಬಿಇಎಲ್ 1961ರಲ್ಲಿ ರೇಡಿಯೋ ವಾಲ್ವುಗಳನ್ನು ತಯಾರಿಸತೊಡಗಿತು. ಅವೇ ವಾಲ್ವುಗಳನ್ನು ಇವತ್ತು ಹೊರದೇಶದ ಆಂಪ್ಲಿಫೈಯರ್ ಹುಚ್ಚರು ಹುಡುಕಿ ಕೊಳ್ಳುತ್ತಾರೆ. ಯಜಮಾನರ ಆಂಪ್ಲಿಫೈಯರಿನಲ್ಲಿ ಉರಿಯುತ್ತಿದ್ದವೂ ಅವೇ, ಇಎಲ್ 84. ಗಾಜಿನ ಮೇಲೆ ಬಿಇಎಲ್ ಅಕ್ಷರ ಅರ್ಧ ಅಳಿಸಿತ್ತು. ಪ್ಲೇಯರನ್ನು ಮನೆಯ ಯುಪಿಎಸ್‌ಗೆ ಸೇರಿಸಿಲ್ಲ. "ಆ ಕರೆಂಟು ಒರಟು ರೀ, ಗುಂಯ್ ಅನ್ನುತ್ತೆ" ಎನ್ನುವುದು ಅವರ ವಾದ. ಫ್ಯಾನಿಗೆ ಮಾತ್ರ ಯುಪಿಎಸ್.

ನಾನು ಹೋದ ಹೊತ್ತಿಗೆ ಜಗಳ ಕಾವೇರಿತ್ತು. ವಿಷಯ ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ'. 1959ರಲ್ಲಿ ನ್ಯೂಯಾರ್ಕಿನಲ್ಲಿ ಎರಡೇ ಸರದಿಯಲ್ಲಿ ಮುದ್ರಿಸಿದ್ದು, ಮಾರ್ಚ್ 2 ಮತ್ತು ಏಪ್ರಿಲ್ 22. ಮಾರ್ಚ್ ಸರದಿಯ ದಿನ ಟೇಪ್ ಯಂತ್ರ ಕೊಂಚ ನಿಧಾನವಾಗಿ ಓಡಿತ್ತು. ನಿಧಾನವಾಗಿ ಹಿಡಿದದ್ದನ್ನು ಸರಿಯಾದ ವೇಗದಲ್ಲಿ ಬಿಟ್ಟರೆ ಶ್ರುತಿ ಏರುತ್ತದೆ. ಹಾಗಾಗಿ ಮೊದಲ ಮಗ್ಗುಲಿನ ಮೂರೂ ತುಣುಕುಗಳು ಸುಮಾರು ಅರ್ಧ ಸ್ವರದ ಅರ್ಧದಷ್ಟು ಮೇಲಕ್ಕೆ ಹೋಗಿ ಕುಳಿತವು. ಮೂವತ್ತು ವರ್ಷಕ್ಕೂ ಮಿಕ್ಕಿ ಜಗತ್ತು ಅದನ್ನೇ ಕೇಳಿತು. ಅದೇ ದಿನ ಪಕ್ಕದಲ್ಲಿ ಓಡಿದ್ದ ಇನ್ನೊಂದು ಯಂತ್ರದ ಟೇಪಿನಿಂದ ಅದು ಸರಿಯಾದದ್ದು 1990ರ ದಶಕದ ಮರುಮುದ್ರಣಗಳಲ್ಲಿ.

ಮೀಸೆ ಬಾರದವನ ಹತ್ತಿರ ಸರಿಮಾಡಿದ ಮುದ್ರಣವಿತ್ತು. ಯಜಮಾನರದು ಅವರ ಅಣ್ಣ ಎಪ್ಪತ್ತರ ದಶಕದಲ್ಲಿ ಅಮೆರಿಕದಿಂದ ತಂದ ಪ್ಲೇಟು.

"ಅಂಕಲ್, ನಿಮ್ಮದು ತಪ್ಪು ಶ್ರುತಿಯ ಪ್ಲೇಟು."

"ನಲವತ್ತು ವರ್ಷದಿಂದ ನನ್ನ ಕಿವಿಗೆ ಇದೇ ಸರಿ ಕಣಪ್ಪ. ನಿನ್ನದು ಕೇಳಿದರೆ ಮೈಲ್ಸ್‌ಗೆ ನೆಗಡಿ ಆದ ಹಾಗಿದೆ."

ತೀರ್ಪು ಕೊಟ್ಟವರು ಒಳಗಿನಿಂದ ಕಾಫಿ ತಂದ ಮನೆಯಾಕೆ. ಅವರು ವೀಣೆಯವರು. "ಜಗಳ ಯಾಕೆ, ಹಿಡಿದು ನೋಡಿದರಾಯಿತು" ಎಂದು ಪೂಜೆಕೋಣೆಯ ಪಕ್ಕದಿಂದ ಶ್ರುತಿಪೆಟ್ಟಿಗೆ ತಂದಿಟ್ಟರು, ರಾಡೆಲ್ ಕಂಪನಿಯ ಸಾರಂಗ್. ಅದೂ ಈ ಊರಿನ ಎಂಜಿನಿಯರೊಬ್ಬರ ಸಂತಾನವೇ. ಎಚ್‌ಎಎಲ್‌ನಲ್ಲಿದ್ದ ಕೊಳಲುವಾದಕ ಜಿ. ರಾಜ್‌ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ಮಾಡಿದವರು. ಮೊದಲ ತುಣುಕಿನ ಆಧಾರ ಸ್ವರ ಡಿ, ಅಂದರೆ ನಮ್ಮವರ ಲೆಕ್ಕದ ಎರಡು ಮನೆ ಶ್ರುತಿ. ಪ್ಲೇಟು ತಿರುಗುವ ವೇಗವೇ ತಪ್ಪಿದ್ದರೆ? ಅದಕ್ಕೂ ವ್ಯವಸ್ಥೆ ಇತ್ತು. ಸುತ್ತಲೂ 180 ಗೆರೆ ಬಳಿದ ಕಾಗದದ ಬಿಲ್ಲೆಯನ್ನು ಪ್ಲೇಟಿನ ಮೇಲಿಟ್ಟು ನಿಯಾನ್ ದೀಪ ಹಿಡಿದರು. ನಮ್ಮ ಐವತ್ತು ಹರ್ಟ್ಸ್ ಕರೆಂಟಿನಲ್ಲಿ ಗೆರೆಗಳು ನಿಂತಂತೆ ಕಂಡರೆ ನಿಮಿಷಕ್ಕೆ 33⅓ ಸುತ್ತು ಸರಿ ಇದೆ ಎಂದರ್ಥ. ಗೆರೆಗಳು ನಿಂತವು. ಮುಳ್ಳು ಇಳಿಸಿದರು. ತಂಬೂರಿಯ ಷಡ್ಜದ ಮೇಲೆ ಹಳೆಯ ಪ್ಲೇಟಿನ ಕಹಳೆ ಹಲ್ಲಿನ ಸಂದಿಯ ಎಳೆಯಂತೆ ಸಣ್ಣಗೆ ಕಿರಿಕಿರಿ ಮಾಡಿತು. ಹುಡುಗನ ಪ್ಲೇಟು ತಂಬೂರಿಯೊಳಗೆ ಕರಗಿ ಕೂತಿತು. ಆಕೆ ಕಣ್ಣುಮುಚ್ಚಿ ಒಂದು ನಿಮಿಷ ಕೇಳಿ, "ಇದು ಖರಹರಪ್ರಿಯ ಅಲ್ವೇನ್ರೀ?" ಎಂದರು. ಹೌದು, ಡಿ ಯಿಂದ ಬಿಳಿ ಮನೆಗಳ ಮೇಲೇ ಹತ್ತುವ ಆ ಸ್ವರಮಾಲೆ ಖರಹರಪ್ರಿಯದ್ದೇ. ಗಮಕ ಮಾತ್ರ ಇಲ್ಲ.

ಯಜಮಾನರು ಸೋಲೊಪ್ಪಲಿಲ್ಲ ಎಂಬುದನ್ನೂ ಹೇಳಬೇಕು.

ಮರುಮುದ್ರಣದ ವ್ಯಾಪಾರದ ಬಗ್ಗೆ ಅಲ್ಲಿದ್ದ ಯಾರಿಗೂ ಭ್ರಮೆಗಳಿರಲಿಲ್ಲ. ಮೊಬೈಲ್ ಫಿಡೆಲಿಟಿ ಕಂಪನಿ ಅಪ್ಪಟ ಅನಲಾಗ್ ಎಂದು ಜನ ನಂಬಿ ಕೊಂಡ ಪ್ಲೇಟುಗಳಲ್ಲಿ ಡಿಜಿಟಲ್ ಹಂತವಿದೆ ಎಂದು 2022ರಲ್ಲಿ ಬಯಲಾದಾಗ, ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ ಎಂದು ಆಣೆ ಮಾಡುತ್ತಿದ್ದವರೆಲ್ಲ ಪೆಚ್ಚಾದರು. 2008ರಲ್ಲಿ ಯೂನಿವರ್ಸಲ್ ಸ್ಟುಡಿಯೋದ ಉಗ್ರಾಣಕ್ಕೆ ಬೆಂಕಿ ಬಿದ್ದು ಮೂಲ ಟೇಪುಗಳೇ ಸುಟ್ಟುಹೋದ ಸುದ್ದಿ ಪೂರ್ತಿ ಹೊರಬರಲು ಹನ್ನೊಂದು ವರ್ಷ ಬೇಕಾಯಿತು. ಇನ್ನು 180 ಗ್ರಾಂ ಎಂದು ರಟ್ಟಿನ ಮೇಲೆ ಹೊಡೆಸುವ ಚಾಳಿ. ತೂಕ ನೋಡಿ ಕೊಳ್ಳಲು ಇದೇನು ಬೆಲ್ಲವೇ? ಮೂಲ ಕೆಟ್ಟಿದ್ದರೆ ಎಷ್ಟು ದಪ್ಪ ಹಾಕಿದರೇನು. ಮೆಟಾಲಿಕಾದ 2008ರ 'ಡೆತ್ ಮ್ಯಾಗ್ನೆಟಿಕ್' ಅನ್ನು ಎಷ್ಟು ಜೋರಾಗಿ ಹಿಂಡಿ ಮುದ್ರಿಸಿದ್ದರೆಂದರೆ, ಗಿಟಾರ್ ಹೀರೋ ಎಂಬ ವಿಡಿಯೋ ಆಟಕ್ಕೆ ಕೊಟ್ಟ ಪ್ರತಿಯೇ ಇದಕ್ಕಿಂತ ಸ್ವಚ್ಛ ಎಂದು ಅಭಿಮಾನಿಗಳೇ ಅದನ್ನು ಇಳಿಸಿಕೊಂಡರು.

ಮೆಟಾಲಿಕಾ ಹೆಸರು ಬಂದದ್ದೇ ತಡ, ಮಾತು ಅರಮನೆ ಮೈದಾನಕ್ಕೆ ಹಾರಿತು. ಮೇಖ್ರಿ ವೃತ್ತದ ಆಚೆಯೇ ಇರುವ ಆ ಮೈದಾನ ಇಲ್ಲಿಯವರಿಗೆ ಹಿತ್ತಿಲಿದ್ದಂತೆ. ರೋಜರ್ ವಾಟರ್ಸ್ 2002ರ ಏಪ್ರಿಲ್‌ನಲ್ಲಿ, ರೋಲಿಂಗ್ ಸ್ಟೋನ್ಸ್ 2003ರ ಏಪ್ರಿಲ್ 4ರಂದು, ಮಾರ್ಕ್ ನಾಫ್ಲರ್ 2005ರಲ್ಲಿ, ಐರನ್ ಮೇಡನ್ 2007ರ ಮಾರ್ಚ್ 17ರಂದು. ಸ್ಟೋನ್ಸ್ ಬಂದ ಸಂಜೆ ಮಳೆ ಸುರಿಯಿತು. ಮೇಡನ್ ಅಂಗಿಯವರು ಅಂದು ಕಳಕೊಂಡ ಎಡಗಾಲಿನ ಚಪ್ಪಲಿಯ ಕತೆಯನ್ನು ಅಲ್ಲಿದ್ದವರು ಬಾಯಿಪಾಠ ಮಾಡಿದ್ದರು, ಅವರಿಗಿಂತ ಮೊದಲು ಇವರೇ ಮುಗಿಸಿದರು. ಮೆಟಾಲಿಕಾ 2011ರ ಅಕ್ಟೋಬರ್ 30ರಂದು. ಎರಡು ದಿನ ಮುಂಚೆ ಗುರ್‌ಗಾಂವ್‌ನಲ್ಲಿ ತಡೆಗೋಡೆ ಮುರಿದು ಕಾರ್ಯಕ್ರಮ ರದ್ದಾಗಿತ್ತು. ಇಲ್ಲೂ ಹಾಗಾದೀತೇ ಎಂದು ಊರೆಲ್ಲ ಉಸಿರು ಬಿಗಿಹಿಡಿದಿತ್ತು. ಆಗಲಿಲ್ಲ. ಮುಗಿದ ಮೇಲೆ ವಾಹನಗಳ ಗೋಜಿಗೆ ಹೋಗದೆ ಸಂಜಯನಗರದವರು ನಡೆದೇ ಮನೆ ಸೇರಿದರು. ಇದೇ ಅವರ ದೊಡ್ಡ ಹೆಮ್ಮೆ, ಟಿಕೆಟಿನ ಚೂರನ್ನು ಕಾದಿಟ್ಟಿದ್ದಕ್ಕಿಂತ ದೊಡ್ಡದು.

ನಾನು ಮೆಲ್ಲಗೆ ಇನ್ನೊಂದು ನೆನಪು ಎತ್ತಿದೆ. ಅದೇ ಮೈದಾನದಲ್ಲಿ 2005ರಲ್ಲಿ ಸಿ. ಅಶ್ವಥ್ ಅವರ 'ಕನ್ನಡವೇ ಸತ್ಯ' ನಡೆದಿತ್ತು. ಭಾವಗೀತೆ ಕೇಳಲು ಅಷ್ಟು ಜನ ಅಲ್ಲಿ ಸೇರುತ್ತಾರೆಂದು ಯಾರು ಎಣಿಸಿದ್ದರು? "ನಾನೂ ಇದ್ದೆ ಸಾರ್" ಅಂದರು ಮೇಡನ್ ಅಂಗಿಯವರು. "ಸೌಂಡು ನಾಫ್ಲರ್‌ಗಿಂತ ಚೆನ್ನಾಗಿತ್ತು." ನಾಫ್ಲರ್ ಪಕ್ಷದವರು ಗಲಾಟೆ ಎಬ್ಬಿಸಿದರು.

ಈಗ ದೊಡ್ಡ ಕಛೇರಿಗಳು ಊರಾಚೆ ಹೋಗಿವೆ. ಬ್ರಯಾನ್ ಆಡಮ್ಸ್ ಕೇಳಲು 2024ರಲ್ಲಿ ದೂರ ಹೋಗಬೇಕಾಯಿತು. ಇಲ್ಲಿ ಮಿಕ್ಕಿರುವುದು ರಾಜ್ಯೋತ್ಸವದ ಆರ್ಕೆಸ್ಟ್ರಾ. ಅದನ್ನು ಇವರು ಹಗುರ ಮಾಡುವುದಿಲ್ಲ, ನನಗೆ ಹಿಡಿಸಿದ್ದು ಅದು. 1978ರ 'ಆಪರೇಷನ್ ಡೈಮಂಡ್ ರಾಕೆಟ್'ನಲ್ಲಿ ರಾಜ್‌ಕುಮಾರ್ ಹಾಡಿದ ಇಂಗ್ಲಿಷ್ ಹಾಡನ್ನು ನವೆಂಬರಿನ ಪೆಂಡಾಲಿನಲ್ಲಿ ನುಡಿಸುವಾಗ ಡ್ರಮ್ಮಿನವನ ಕೈ ಹೇಗೆ ಓಡುತ್ತದೆಂದು ಮಿಂಗಸ್ ಹುಡುಗ ಮೇಜಿನ ಮೇಲೆ ಬಡಿದು ತೋರಿಸಿದ.

ಕೊನೆಗೆ ನಾನು ಯಾವುದಕ್ಕಾಗಿ ಬಂದಿದ್ದೆನೋ ಆ ಪ್ಲೇಟು ಹೊರಗೆ ಬಂತು. 'ಜ್ಯೋತಿ'. ಜರ್ಮನಿಯ ಇಸಿಎಂ ಕಂಪನಿ 1983ರಲ್ಲಿ ಹೊರತಂದದ್ದು. ರಟ್ಟಿನ ಮೇಲೆ ಎರಡು ಹೆಸರು, ಚಾರ್ಲಿ ಮರಿಯಾನೊ ಮತ್ತು ಕರ್ನಾಟಕ ಕಾಲೇಜ್ ಆಫ್ ಪರ್ಕಷನ್. ಟಿ.ಎ.ಎಸ್. ಮಣಿ 1964ರಲ್ಲಿ ಬೆಂಗಳೂರಿನಲ್ಲಿ ತೆರೆದ ತಾಳವಾದ್ಯದ ಶಾಲೆ ಅದು. ಬಾಸ್ಟನ್ನಿನ ಮರಿಯಾನೊ ಮಿಂಗಸ್ ಜೊತೆ ನುಡಿಸಿದ್ದ ಸ್ಯಾಕ್ಸೊಫೋನಿಗ. ನಮ್ಮ ನಾಗಸ್ವರವನ್ನೂ ಕಲಿತಿದ್ದ. ಆರ್.ಎ. ರಮಾಮಣಿಯವರ ಕಂಠ, ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲರ ಘಟ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರರ ಖಂಜಿರ, ಮೇಲೆ ಕೊನ್ನಕೋಲು. ಬೆಂಗಳೂರಿನ ಜಾಝ್ ಎಂದೊಡನೆ ಎಲ್ಲರೂ ಲಂಡನ್ನಿನ, ನ್ಯೂಯಾರ್ಕಿನ ಹೆಸರು ಎತ್ತುತ್ತಾರೆ. ಇಲ್ಲಿಂದ ಹೊರಟು ಅಲ್ಲಿ ಅಚ್ಚಾಗಿ ಮತ್ತೆ ಇಲ್ಲಿಗೇ ಬಂದ ಈ ಪ್ಲೇಟನ್ನು ಎಷ್ಟು ಮಂದಿ ಕೇಳಿದ್ದೇವೆ?

ಸ್ಯಾಕ್ಸೊಫೋನು ರಮಾಮಣಿಯವರ ಸ್ವರದ ಬೆನ್ನುಹತ್ತಿ, ಅದರ ಅಂಚನ್ನು ಮುಟ್ಟಿ, ತಾನಾಗಿಯೇ ಹಿಂದೆ ಸರಿಯುತ್ತದೆ. ಮೀರಿಸುವ ಆತುರವಿಲ್ಲ. ನಡುವೆ ಮೃದಂಗ, ಘಟ ಬಿಟ್ಟುಕೊಟ್ಟ ಮೌನದಲ್ಲಿ ಪ್ಲೇಟಿನ ಚಿಟಪಟ ಕೇಳಿಸಿತು. ಮಳೆಗಾಲದ ಬೂಷ್ಟು ಗೆರೆಯೊಳಗೆ ಇಳಿದದ್ದನ್ನು ಯಜಮಾನರು ಎಷ್ಟು ತೊಳೆದರೂ ಬಿಟ್ಟಿಲ್ಲವಂತೆ. ಹುಡುಗರು ಒಬ್ಬರೂ ಮೊಬೈಲು ಮುಟ್ಟಲಿಲ್ಲ. ಒಬ್ಬ ಬೆರಳಿನಲ್ಲಿ ತಾಳ ಹಾಕಲು ಹೋಗಿ ತಪ್ಪಿದ. ಮನೆಯಾಕೆ ಅಡುಗೆಮನೆಯಿಂದಲೇ ಕೈ ಎತ್ತಿ ಸಮ ತೋರಿಸಿಕೊಟ್ಟರು.

ಹೊರಡಲು ಎದ್ದಾಗ ಯಜಮಾನರು ತಮ್ಮ ಹಳೆಯ ಮೈಲ್ಸ್ ಪ್ಲೇಟನ್ನು ಮತ್ತೆ ಹಾಕಿದರು, ಹಟಕ್ಕೇ ಇರಬೇಕು. ನಾಲ್ಕು ನಿಮಿಷ ಓಡಿತ್ತೋ ಇಲ್ಲವೋ, ಕರೆಂಟು ಹೋಯಿತು. ವಾಲ್ವುಗಳಲ್ಲಿ ಉಳಿದಿದ್ದ ಕಾವಿನಲ್ಲಿ ಸದ್ದು ಒಂದೆರಡು ಕ್ಷಣ ಜೀವ ಹಿಡಿದಿತ್ತು. ಪ್ಲೇಟು ನಿಧಾನವಾಗುತ್ತ, ಕಹಳೆ ಜಾರುತ್ತ ಜಾರುತ್ತ ಕೆಳಗಿಳಿಯಿತು.

"ಹಾಂ ಅಂಕಲ್," ಅಂದ ಹುಡುಗ, "ಈಗ ಶ್ರುತಿಗೆ ಬಂತು."

ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು.